ಅಪ್ಪ ಕೊಟ್ಟ ಕಿರೀಟ, ಅಪ್ಪ ಬರೆದ ಸಂವಿಧಾನ

ಪ್ರಶ್ನೆ: ಗೋವೆಯ ಹಳೆಯ ಬೆಳ್ಳಿ ರೂಪಾಯಿಯ ಮೇಲೆ ಎರಡನೆಯ ಮರಿಯಾ ಎಂಬ ರಾಣಿಯ ಮುಖ ನೋಡಿದೆ. ಈಕೆ ಏಳನೇ ವಯಸ್ಸಿಗೇ ಪೋರ್ಚುಗಲ್ಲಿನ ರಾಣಿಯಾದಳಂತೆ, ಚಿಕ್ಕಪ್ಪನ ಜೊತೆಗೇ ಮದುವೆ ಗೊತ್ತಾಗಿತ್ತಂತೆ. ಇದು ನಿಜವೇ? ಈಕೆ ನಿಜಕ್ಕೂ ರಾಜ್ಯ ಆಳಿದಳೋ, ಹೆಸರಿಗಷ್ಟೇ ರಾಣಿಯೋ? ನಮ್ಮ ಪಕ್ಕದ ಗೋವೆಗೆ ಈಕೆಯ ಕಾಲದಲ್ಲಿ ಏನಾಯಿತು?
ಓದುಗರೊಬ್ಬರು, ಕಾರವಾರ

ಉತ್ತರ: ನೀವು ಕೇಳಿದ್ದೆಲ್ಲ ನಿಜ. ಎರಡನೆಯ ಮರಿಯಾ ರಾಣಿಯಾದದ್ದು 1826ರಲ್ಲಿ, ಏಳನೇ ವಯಸ್ಸಿನಲ್ಲಿ. ಆಗ ಆಕೆ ಪೋರ್ಚುಗಲ್ಲನ್ನು ಕಣ್ಣಿನಿಂದ ಕಂಡಿರಲೂ ಇಲ್ಲ. ತಂದೆಯ ಒಡಹುಟ್ಟಿದ ತಮ್ಮನ ಜೊತೆ ಮದುವೆ ಗೊತ್ತಾದದ್ದೂ ಹೌದು. ಅದೇ ಚಿಕ್ಕಪ್ಪ ಮುಂದೆ ಆಕೆಯ ಸಿಂಹಾಸನವನ್ನು ಕಿತ್ತುಕೊಂಡ. ಅದನ್ನು ಮರಳಿ ಕೊಡಿಸಲು ತಂದೆ ಬ್ರೆಜಿಲಿನಿಂದ ಬಂದು ತಮ್ಮನ ಮೇಲೆ ಯುದ್ಧ ಮಾಡಿದ. ಹದಿನೈದನೇ ವಯಸ್ಸಿನಿಂದ ಮೂವತ್ತನಾಲ್ಕರವರೆಗೆ, ಸಾಯುವ ದಿನದ ತನಕ, ಮರಿಯಾ ನಿಜವಾಗಿಯೇ ಆಳಿದಳು. ಮಂತ್ರಿಗಳನ್ನು ನೇಮಿಸಿದಳು, ತೆಗೆದಳು, ಒಂದೆರಡು ಸಲ ದುಡುಕಿದಳು, ಆ ದುಡುಕಿಗೆ ದೇಶ ಬೆಲೆ ತೆತ್ತಿತು. ಹೆಸರಿಗಷ್ಟೇ ಇದ್ದ ರಾಣಿ ಎನ್ನಲು ಬರುವುದಿಲ್ಲ.

ಆಕೆಯ ಬದುಕನ್ನು ಅರ್ಥ ಮಾಡಿಕೊಳ್ಳಲು ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. 1826ರ ಏಪ್ರಿಲ್ 29ರಂದು ಆಕೆಯ ತಂದೆ ಪೋರ್ಚುಗಲ್ಲಿಗೆ ಒಂದು ಸಂವಿಧಾನ ಕೊಟ್ಟ. ಮೇ 2ರಂದು ಸಿಂಹಾಸನವನ್ನು ಮಗಳಿಗೆ ಬಿಟ್ಟುಕೊಟ್ಟ. ನಾಲ್ಕು ದಿನಗಳ ಒಳಗೆ ಒಂದೇ ಕೈಯಿಂದ ಎರಡೂ ಬಂದವು. ಕಿರೀಟಕ್ಕೆ ಆ ಸಂವಿಧಾನ ಆಧಾರ, ಸಂವಿಧಾನಕ್ಕೆ ಆ ಕಿರೀಟ ಕಾವಲು. ಹೀಗಾಗಿ ತಂದೆಯ ಸಂವಿಧಾನಕ್ಕೆ ಕೈ ಹಾಕಿದವರೆಲ್ಲ ಮರಿಯಾಳ ಕಣ್ಣಿಗೆ ತನ್ನ ಕಿರೀಟಕ್ಕೇ ಕೈ ಹಾಕಿದವರಂತೆ ಕಂಡರು. ಆಕೆಯ ಹಟ, ಧೈರ್ಯ, ತಪ್ಪು ಮೂರೂ ಅಲ್ಲಿಂದಲೇ ಹುಟ್ಟಿದವು ಎಂಬುದು ನನ್ನ ತಿಳಿವಳಿಕೆ.

ಬ್ರೆಜಿಲಿನಲ್ಲಿ ಹುಟ್ಟಿದ ರಾಜಕುಮಾರಿ

ಪೋರ್ಚುಗಲ್ಲಿನ ರಾಜಕುಮಾರಿ ಬ್ರೆಜಿಲಿನಲ್ಲಿ ಹುಟ್ಟಿದ್ದೇಕೆ? ಅದಕ್ಕೆ ಕಾರಣ ನೆಪೋಲಿಯನ್. 1807ರ ನವೆಂಬರ್ ಕೊನೆಯಲ್ಲಿ ಫ್ರೆಂಚ್ ಸೈನ್ಯ ಲಿಸ್ಬನ್ನಿನ ಹೊಸ್ತಿಲಿಗೆ ಬಂದಾಗ ಪೋರ್ಚುಗೀಸ್ ರಾಜಮನೆತನ ಸಾವಿರಾರು ಪರಿವಾರದವರ ಸಮೇತ ಹಡಗು ಹತ್ತಿ, ಬ್ರಿಟಿಷ್ ನೌಕಾಪಡೆಯ ಕಾವಲಿನಲ್ಲಿ ಅಟ್ಲಾಂಟಿಕ್ ದಾಟಿ ತನ್ನದೇ ವಸಾಹತಾದ ಬ್ರೆಜಿಲಿಗೆ ಹೋಯಿತು. ಆ ಹಡಗುಗಳಲ್ಲಿ ವೃದ್ಧ ರಾಣಿ ಒಂದನೆಯ ಮರಿಯಾ ಕೂಡ ಇದ್ದಳು. 1777ರಲ್ಲಿ ಪಟ್ಟಕ್ಕೆ ಬಂದಿದ್ದ ಆಕೆಯ ಬುದ್ಧಿ ಅಷ್ಟು ಹೊತ್ತಿಗೆ ಕದಡಿಹೋಗಿತ್ತು. ಆಡಳಿತವೆಲ್ಲ ಮಗ ಜುವಾಂವ್ ಕೈಯಲ್ಲಿತ್ತು. ಆಕೆ 1816ರಲ್ಲಿ ರಿಯೊ ಡಿ ಜನೈರೊದಲ್ಲೇ ತೀರಿಕೊಂಡಳು. ಮೂರು ವರ್ಷದ ನಂತರ, 1819ರ ಏಪ್ರಿಲ್ 4ರಂದು, ಅದೇ ಊರಿನ ಸಾವ್ ಕ್ರಿಸ್ಟೊವಾವ್ ಅರಮನೆಯಲ್ಲಿ ಆಕೆಯ ಮರಿಮಗಳು ಹುಟ್ಟಿದಳು. ಹೆಸರು ಮರಿಯಾ ದ ಗ್ಲೋರಿಯಾ. ತಂದೆ ಜುವಾಂವ್ ದೊರೆಯ ಮಗ ಪೆದ್ರೊ. ತಾಯಿ ಲಿಯೊಪೋಲ್ಡಿನಾ ಆಸ್ಟ್ರಿಯಾ ಚಕ್ರವರ್ತಿಯ ಮಗಳು, ನೆಪೋಲಿಯನ್ನನ ಎರಡನೆಯ ಹೆಂಡತಿಗೆ ತಂಗಿ.

ಮಗು ಇನ್ನೂ ಅಂಬೆಗಾಲಿಡುವ ಹೊತ್ತಿಗೆ ಎರಡು ದೇಶಗಳ ಹಣೆಬರಹ ಬದಲಾಯಿತು. 1820ರಲ್ಲಿ ಪೋರ್ತು ನಗರದಲ್ಲಿ ಉದಾರವಾದಿಗಳು ದಂಗೆಯೆದ್ದು, ರಾಜ ಮರಳಿ ಬರಬೇಕು, ಸಂವಿಧಾನಕ್ಕೆ ಬದ್ಧನಾಗಿ ಆಳಬೇಕು ಎಂದರು. 1821ರಲ್ಲಿ ಜುವಾಂವ್ ಲಿಸ್ಬನ್ನಿಗೆ ಹೊರಟ. ಮಗ ಪೆದ್ರೊ ಬ್ರೆಜಿಲಿನಲ್ಲೇ ಉಳಿದ. 1822ರ ಸೆಪ್ಟೆಂಬರ್ 7ರಂದು ಬ್ರೆಜಿಲ್ ಸ್ವತಂತ್ರವಾಯಿತೆಂದು ಸಾರಿ ಅದರ ಚಕ್ರವರ್ತಿಯಾದ. 1826ರ ಮಾರ್ಚ್‌ನಲ್ಲಿ ಜುವಾಂವ್ ಸತ್ತಾಗ ಹಿರಿಯ ಮಗನಾದ ಪೆದ್ರೊನಿಗೆ ಪೋರ್ಚುಗಲ್ಲಿನ ಕಿರೀಟವೂ ಬಂತು. ಎರಡೂ ಕಿರೀಟಗಳು ಒಂದೇ ತಲೆಯ ಮೇಲೆ ಇರುವುದನ್ನು ಬ್ರೆಜಿಲಿನವರೂ ಒಪ್ಪುತ್ತಿರಲಿಲ್ಲ, ಪೋರ್ಚುಗಲ್ಲಿನವರೂ ಸಹಿಸುತ್ತಿರಲಿಲ್ಲ. ಹಾಗಾಗಿ ಅವನು ಮೊದಲು ಪೋರ್ಚುಗಲ್ಲಿಗೆ ಒಂದು ಸಂವಿಧಾನ ಕೊಟ್ಟು, ಬಳಿಕ ಸಿಂಹಾಸನವನ್ನು ಏಳು ವರ್ಷದ ಮಗಳಿಗೆ ಬಿಟ್ಟುಕೊಟ್ಟ. ಅದೇ ವರ್ಷ ಡಿಸೆಂಬರ್‌ನಲ್ಲಿ ತಾಯಿ ತೀರಿಕೊಂಡಳು. ರಾಣಿಯಾದ ವರ್ಷವೇ ಮಗು ತಬ್ಬಲಿಯಾಯಿತು.

ಚಿಕ್ಕಪ್ಪನ ಆಣೆ

ಈಗ ಚಿಕ್ಕಪ್ಪನ ಮಾತು. ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿ ಉಂಟು. ಚಿಕ್ಕಪ್ಪ ಎಂದರೆ ತಂದೆಯ ಸಮಾನ, ಅಲ್ಲಿ ಮದುವೆಯ ಮಾತೇ ಬರುವುದಿಲ್ಲ. ಆದ್ದರಿಂದ ನಿಮಗೆ ಈ ಸಂಬಂಧ ವಿಚಿತ್ರವಾಗಿ ಕಂಡದ್ದು ಸಹಜ. ಪೋರ್ಚುಗಲ್ಲಿನ ಬ್ರಗಾಂಜ ರಾಜಮನೆತನದಲ್ಲಿ ಮಾತ್ರ ಇದು ಹೊಸದೇನಲ್ಲ. ಮುತ್ತಜ್ಜಿ ಒಂದನೆಯ ಮರಿಯಾ ಮದುವೆಯಾದದ್ದೂ ತನ್ನ ತಂದೆಯ ತಮ್ಮನನ್ನೇ. ಪೋಪರ ವಿಶೇಷ ಅನುಮತಿ ಪಡೆದು ಕಿರೀಟವನ್ನು ಮನೆತನದೊಳಗೇ ಉಳಿಸಿಕೊಳ್ಳುವ ದಾರಿ ಅದು.

ಪೆದ್ರೊನ ತಮ್ಮ ಮಿಗೆಲ್ ಸಂವಿಧಾನದ ಕಡುವೈರಿ. ರಾಜನ ಅಧಿಕಾರಕ್ಕೆ ಯಾರೂ ಕಡಿವಾಣ ಹಾಕಬಾರದು ಎನ್ನುವ ಗುಂಪಿನ ನಾಯಕ. 1824ರಲ್ಲಿ ಸ್ವಂತ ತಂದೆಯ ವಿರುದ್ಧವೇ ದಂಗೆ ನಡೆಸಿ ಗಡಿಪಾರಾಗಿ ವಿಯೆನ್ನಾದಲ್ಲಿದ್ದ. ಅವನನ್ನೂ ಅವನ ಬೆಂಬಲಿಗರನ್ನೂ ಒಳಗೆ ಸೇರಿಸಿಕೊಂಡರೆ ದೇಶ ಒಡೆಯುವುದಿಲ್ಲ ಎಂದು ಪೆದ್ರೊ ಲೆಕ್ಕ ಹಾಕಿದ. ಮಿಗೆಲ್ ಸಂವಿಧಾನಕ್ಕೆ ಆಣೆ ಮಾಡಬೇಕು, ಅಣ್ಣನ ಮಗಳನ್ನು ಮದುವೆಯಾಗಬೇಕು, ಆಕೆ ದೊಡ್ಡವಳಾಗುವ ತನಕ ಅವಳ ಹೆಸರಿನಲ್ಲಿ ಆಡಳಿತ ನಡೆಸಬೇಕು ಎಂಬುದು ಕರಾರು. ಏಳು ವರ್ಷದ ಹುಡುಗಿಗೂ ಇಪ್ಪತ್ತನಾಲ್ಕರ ಚಿಕ್ಕಪ್ಪನಿಗೂ ವಿಯೆನ್ನಾದಲ್ಲಿ ನಿಶ್ಚಯವೂ ಆಯಿತು.

1828ರ ಫೆಬ್ರವರಿಯಲ್ಲಿ ಮಿಗೆಲ್ ಲಿಸ್ಬನ್ನಿಗೆ ಬಂದಿಳಿದು ಸಂವಿಧಾನಕ್ಕೆ ಆಣೆ ಮಾಡಿದ. ಮುಂದಿನ ತಿಂಗಳೇ ಪ್ರತಿನಿಧಿ ಸಭೆಯನ್ನು ವಿಸರ್ಜಿಸಿದ. ಚರ್ಚು, ಕುಲೀನರು, ಊರುಗಳ ಪ್ರತಿನಿಧಿಗಳು ಎಂಬ ಹಳೆಯ ಮೂರು ವರ್ಗಗಳ ಸಭೆ ಕರೆಸಿ ಜುಲೈನಲ್ಲಿ ತಾನೇ ರಾಜ ಎಂದು ಸಾರಿಸಿಕೊಂಡ. ವಿರೋಧಿಸಿದವರು ಸೆರೆಮನೆ ಸೇರಿದರು, ಕೆಲವರು ಗಲ್ಲಿಗೇರಿದರು, ಸಾವಿರಾರು ಜನ ದೇಶ ಬಿಟ್ಟು ಇಂಗ್ಲೆಂಡಿಗೂ ಫ್ರಾನ್ಸಿಗೂ ಓಡಿದರು.

ಅದೇ ಜುಲೈ ತಿಂಗಳಲ್ಲಿ ಒಂಬತ್ತು ವರ್ಷದ ಮರಿಯಾ ರಿಯೊದಿಂದ ಹಡಗು ಹತ್ತಿದ್ದಳು. ವಿಯೆನ್ನಾದಲ್ಲಿ ತಾಯಿಯ ತಂದೆಯ ಅರಮನೆಯಲ್ಲಿ ಓದು, ಬರಹ, ನಡೆನುಡಿ ಕಲಿಯಬೇಕೆಂಬುದು ಯೋಜನೆ. ಹಡಗು ಜಿಬ್ರಾಲ್ಟರ್ ಮುಟ್ಟಿದಾಗ ಚಿಕ್ಕಪ್ಪ ಸಿಂಹಾಸನ ಹಿಡಿದ ಸುದ್ದಿ ಸಿಕ್ಕಿತು. ಆಸ್ಟ್ರಿಯಾದ ಮಂತ್ರಿ ಮೆಟರ್ನಿಕ್ ಸಂವಿಧಾನ ಎಂದರೆ ಮುಖ ಸಿಂಡರಿಸುವವನು. ಅಲ್ಲಿಗೆ ಹೋದರೆ ಹುಡುಗಿ ಮಿಗೆಲ್ ಪಕ್ಷದವರ ಕೈಗೊಂಬೆಯಾಗಬಹುದು ಎಂದು ಜೊತೆಗಿದ್ದ ಮಾರ್ಕ್ವಿಸ್ ಬಾರ್ಬಸೆನಾ ಹೆದರಿದ. ಹಡಗಿನ ದಿಕ್ಕು ತಿರುಗಿಸಿ ಇಂಗ್ಲೆಂಡಿಗೆ ಕರೆದೊಯ್ದ. ಆ ಒಂದು ತೀರ್ಮಾನ ತಪ್ಪಿದ್ದರೆ ಮರಿಯಾ ಮುಂದೆ ರಾಣಿಯಾಗಿ ಆಳುವುದು ಅನುಮಾನವೇ ಇತ್ತು.

ಇಂಗ್ಲೆಂಡಿನಲ್ಲಿ ಮರ್ಯಾದೆ ಸಿಕ್ಕಿತು, ಸಹಾಯ ಸಿಗಲಿಲ್ಲ. 1829ರ ಮೇ ತಿಂಗಳಲ್ಲಿ ನಾಲ್ಕನೆಯ ಜಾರ್ಜ್ ದೊರೆ ಆಕೆಗಾಗಿ ಮಕ್ಕಳ ನೃತ್ಯಕೂಟವೊಂದನ್ನು ಏರ್ಪಡಿಸಿದ. ಆ ಕೂಟಕ್ಕೆ ಬಂದಿದ್ದ ಮಕ್ಕಳಲ್ಲಿ ಹತ್ತು ತುಂಬಿದ ವಿಕ್ಟೋರಿಯಾ ಕೂಡ ಇದ್ದಳು. ಇಬ್ಬರೂ 1819ರಲ್ಲಿ ಹುಟ್ಟಿದವರು, ಇಬ್ಬರಿಗೂ ಮುಂದೆ ರಾಜ್ಯ ಕಾದಿತ್ತು. ವಿಕ್ಟೋರಿಯಾಳ ಹಾದಿಯಲ್ಲಿ ಒಂದು ಗುಂಡೂ ಹಾರಲಿಲ್ಲ. ಮರಿಯಾಳ ಹಾದಿಯಲ್ಲಿ ಒಂದು ಅಂತರ್ಯುದ್ಧವೇ ಬಿದ್ದಿತ್ತು. ಪ್ರಧಾನಿ ವೆಲಿಂಗ್ಟನ್ ಬೆರಳು ಎತ್ತಲಿಲ್ಲ. ತಂದೆಯ ಎರಡನೆಯ ಹೆಂಡತಿಯಾಗಿ ಹೊರಟಿದ್ದ ಅಮೆಲಿ ಎಂಬ ಹದಿನೇಳರ ರಾಜಕುಮಾರಿಯ ಜೊತೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಮರಿಯಾ ಮತ್ತೆ ರಿಯೊಗೆ ಮರಳಿದಳು.

ಆಕೆಯ ರಾಜ್ಯವೆಂದು ಆಗ ಉಳಿದಿದ್ದದ್ದು ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳಲ್ಲಿ ತೆರ್ಸೈರಾ ಒಂದೇ. 1829ರ ಆಗಸ್ಟ್‌ನಲ್ಲಿ ಮಿಗೆಲ್‌ನ ನೌಕಾಪಡೆ ಅಲ್ಲಿ ಇಳಿಯಲು ಬಂದು ಸೋತು ಹೋಯಿತು. ಆ ದ್ವೀಪದಲ್ಲಿ ಕುಳಿತ ಆಡಳಿತ ಮಂಡಳಿ ಹತ್ತು ಹನ್ನೊಂದರ ರಾಣಿಯ ಹೆಸರಿನಲ್ಲಿ ಆಜ್ಞೆ ಹೊರಡಿಸುತ್ತಿತ್ತು.

ಪೋರ್ತುವಿನ ಮುತ್ತಿಗೆ

ಪರಿಸ್ಥಿತಿ ತಿರುಗಿದ್ದು 1831ರ ಏಪ್ರಿಲ್‌ನಲ್ಲಿ. ಬ್ರೆಜಿಲಿನವರ ಅಸಮಾಧಾನಕ್ಕೆ ಮಣಿದ ಪೆದ್ರೊ ಅಲ್ಲಿನ ಸಿಂಹಾಸನವನ್ನು ಐದು ವರ್ಷದ ಮಗನಿಗೆ ಬಿಟ್ಟು ಯುರೋಪಿಗೆ ಹೊರಟ. ಮಗ ಎರಡನೆಯ ಪೆದ್ರೊ ರಿಯೊದಲ್ಲೇ ಉಳಿದ. ಅಕ್ಕ ಮರಿಯಾ ತಂದೆಯ ಬೆನ್ನಿಗೆ ಹೊರಟಳು. ಅಕ್ಕ ತಮ್ಮ ಮತ್ತೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಮುದ್ರದ ಆ ದಡದಲ್ಲಿ ತಮ್ಮ 1889ರವರೆಗೆ ಆಳಿದ, ಈ ದಡದಲ್ಲಿ ಅಕ್ಕ ಆಳಿದಳು.

ಮಗಳನ್ನು ಪ್ಯಾರಿಸಿನಲ್ಲಿ ಅಮೆಲಿಯ ಜೊತೆ ಬಿಟ್ಟು, ಸಾಲ ಎತ್ತಿ, ಬಾಡಿಗೆ ಸೈನಿಕರನ್ನೂ ದೇಶಭ್ರಷ್ಟರನ್ನೂ ಕಲೆಹಾಕಿ ಪೆದ್ರೊ ಅಜೋರ್ಸ್‌ಗೆ ಹೋದ. 1832ರ ಜುಲೈ 8ರಂದು ಸುಮಾರು ಏಳೂವರೆ ಸಾವಿರ ಜನರೊಂದಿಗೆ ಪೋರ್ಚುಗಲ್ಲಿನ ಉತ್ತರ ಕರಾವಳಿಯಲ್ಲಿ ಇಳಿದು ಮರುದಿನ ಪೋರ್ತು ನಗರ ಹೊಕ್ಕ. ಅವನ ದಂಡಿನ ಸಾಲಿನಲ್ಲಿ ಮುಂದೆ ಪೋರ್ಚುಗೀಸ್ ಸಾಹಿತ್ಯದ ದೊಡ್ಡ ಹೆಸರುಗಳಾದ ಅಲ್ಮೇಡಾ ಗರೆಟ್ ಮತ್ತು ಅಲೆಶಾಂದ್ರೆ ಎರ್ಕುಲಾನು ಸಾಮಾನ್ಯ ಸೈನಿಕರಾಗಿ ಬಂದೂಕು ಹೊತ್ತಿದ್ದರು.

ಮಿಗೆಲ್‌ನ ಸೈನ್ಯ ಹಲವು ಪಟ್ಟು ದೊಡ್ಡದು. ಅದು ಊರನ್ನು ಸುತ್ತುಗಟ್ಟಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಪೋರ್ತು ಮುತ್ತಿಗೆಯಲ್ಲಿ ಬೆಂದಿತು. ದೋರು ನದಿಯ ಆಚೆ ದಡದಿಂದ ಫಿರಂಗಿ ಗುಂಡು, ಊರೊಳಗೆ ಹಸಿವು, ಸಾಲದ್ದಕ್ಕೆ ಕಾಲರಾ. ಆದರೂ ಊರಿನವರು ಬಾಗಿಲು ತೆರೆಯಲಿಲ್ಲ. ಕೊನೆಗೆ ದಾರಿ ತೆರೆದದ್ದು ಸಮುದ್ರದಲ್ಲಿ. 1833ರ ಜುಲೈ 5ರಂದು ಚಾರ್ಲ್ಸ್ ನೇಪಿಯರ್ ಎಂಬ ಬ್ರಿಟಿಷ್ ನಾವಿಕ ರಾಣಿಯ ಪರವಾಗಿ ಹೋರಾಡಿ ಮಿಗೆಲ್‌ನ ನೌಕಾಪಡೆಯನ್ನು ಸೋಲಿಸಿದ. ಅದೇ ತಿಂಗಳ 24ರಂದು ಲಿಸ್ಬನ್ ಕೈಗೆ ಬಂತು. ಸೆಪ್ಟೆಂಬರ್‌ನಲ್ಲಿ ಹದಿನಾಲ್ಕರ ಮರಿಯಾ ತನ್ನ ರಾಜಧಾನಿಯನ್ನು ಮೊದಲ ಸಲ ಕಂಡಳು. 1834ರ ಮೇ 26ರಂದು ಎವೋರಾಮೊಂತೆ ಎಂಬಲ್ಲಿ ಒಪ್ಪಂದವಾಗಿ ಮಿಗೆಲ್ ದೇಶ ಬಿಟ್ಟ. ನಿಶ್ಚಯವಾಗಿದ್ದ ಮದುವೆಯೂ ರದ್ದಾಯಿತು.

ಗೆದ್ದವನು ಗೆಲುವನ್ನು ಅನುಭವಿಸಲಿಲ್ಲ. ಯುದ್ಧದ ದಣಿವಿಗೆ ಕ್ಷಯವೂ ಸೇರಿ ಪೆದ್ರೊ ಅದೇ ವರ್ಷ ಸೆಪ್ಟೆಂಬರ್ 24ರಂದು ಕೆಲೂಜ್ ಅರಮನೆಯಲ್ಲಿ, ತಾನು ಹುಟ್ಟಿದ ಕೋಣೆಯಲ್ಲೇ, ಮೂವತ್ತೈದನೇ ವಯಸ್ಸಿನಲ್ಲಿ ಸತ್ತ. ತನ್ನ ಹೃದಯವನ್ನು ಪೋರ್ತು ನಗರಕ್ಕೆ ಕೊಡಬೇಕೆಂಬುದು ಅವನ ಇಚ್ಛೆ. ಅದು ಇಂದಿಗೂ ಅಲ್ಲಿನ ಲಾಪಾ ಚರ್ಚಿನಲ್ಲಿದೆ. 2022ರಲ್ಲಿ ಬ್ರೆಜಿಲ್ ಸ್ವಾತಂತ್ರ್ಯದ ಇನ್ನೂರನೇ ವರ್ಷಕ್ಕೆ ಅದನ್ನು ವಿಮಾನದಲ್ಲಿ ಬ್ರೆಜಿಲಿಗೆ ಒಯ್ದು, ಸರ್ಕಾರಿ ಗೌರವ ಸಲ್ಲಿಸಿ ಮರಳಿ ತಂದರು. ತಂದೆ ಸಾಯುವ ಕೆಲವೇ ದಿನ ಮುಂಚೆ ಸಂಸತ್ತು ಮರಿಯಾಳನ್ನು ಪ್ರಾಪ್ತ ವಯಸ್ಕಳೆಂದು ಘೋಷಿಸಿತ್ತು. ಆಕೆಗೆ ಹದಿನೈದು ವರ್ಷ.

ತಾಯಿಯಿಲ್ಲ, ತಂದೆಯಿಲ್ಲ, ಒಡಹುಟ್ಟಿದವರು ಸಮುದ್ರದಾಚೆ. ಅಂಥ ಹೊತ್ತಿನಲ್ಲಿ ತಂದೆಯದೆಂದು ಆಕೆಯ ಕೈಯಲ್ಲಿ ಉಳಿದದ್ದು ಆ ಸಂವಿಧಾನ. ಸಾವಿರಾರು ಜನ ಅದರ ಹೆಸರು ಹೇಳಿಕೊಂಡು ಸತ್ತಿದ್ದರು. ಮುಂದಿನ ಇಪ್ಪತ್ತು ವರ್ಷ ಆಕೆ ಅದನ್ನು ಬಿಡದೆ ಹಿಡಿದದ್ದಕ್ಕೆ ಕಾರಣ ಬೇರೆ ಹುಡುಕಬೇಕಿಲ್ಲ.

ಆಳ್ವಿಕೆಯ ಎರಡು ಪರೀಕ್ಷೆ

ಮದುವೆಯೂ ರಾಜಕಾರಣದ ಭಾಗವೇ ಆಗಿತ್ತು. ಮಲತಾಯಿ ಅಮೆಲಿಯ ಅಣ್ಣ ಆಗಸ್ಟ್ ಮೊದಲ ಗಂಡ. 1835ರ ಜನವರಿಯಲ್ಲಿ ಲಿಸ್ಬನ್ನಿಗೆ ಬಂದವನು ಮಾರ್ಚ್ 28ರಂದು ಗಂಟಲು ಬೇನೆಯಿಂದ ಸತ್ತ. ಹದಿನಾರು ತುಂಬುವ ಮೊದಲೇ ಮರಿಯಾ ವಿಧವೆ. ಮರುವರ್ಷ ಏಪ್ರಿಲ್‌ನಲ್ಲಿ ಜರ್ಮನ್ ರಾಜಕುಮಾರ ಫರ್ಡಿನಾಂಡ್ ಜೊತೆ ಎರಡನೆಯ ಮದುವೆ. ಇಂಗ್ಲೆಂಡಿನ ವಿಕ್ಟೋರಿಯಾಳಿಗೆ ಅವನು ಸೋದರಮಾವನ ಮಗ, ಅವಳ ಗಂಡನಾಗಲಿದ್ದ ಆಲ್ಬರ್ಟ್‌ಗೆ ಚಿಕ್ಕಪ್ಪನ ಮಗ. ಚಿತ್ರ, ಸಂಗೀತ, ಕಟ್ಟಡಗಳಲ್ಲಿ ಮುಳುಗಿದ ಮನುಷ್ಯ. ಸಿಂತ್ರಾ ಬೆಟ್ಟದ ಮೇಲೆ ಪಾಳುಬಿದ್ದ ಮಠವನ್ನು 1838ರಲ್ಲಿ ಕೊಂಡು ಪೇನಾ ಅರಮನೆಯನ್ನು ಕಟ್ಟಿಸಿದವನು ಅವನೇ. ಇಂದು ಪೋರ್ಚುಗಲ್ಲಿಗೆ ಹೋದವರು ಹಳದಿ ಕೆಂಪು ಗೋಡೆಗಳ ಆ ಅರಮನೆಯನ್ನು ನೋಡದೆ ಬರುವುದಿಲ್ಲ. ಈ ಸಂಸಾರ ಹೊಂದಿಕೊಂಡಿತ್ತು.

ರಾಜ್ಯ ಹೊಂದಿಕೊಳ್ಳಲಿಲ್ಲ. ಗೆದ್ದ ಉದಾರವಾದಿಗಳಲ್ಲೇ ಎರಡು ಬಣ. ಪೆದ್ರೊ ಕೊಟ್ಟ ಸಂವಿಧಾನವೇ ಸಾಕು ಎನ್ನುವವರು ಒಂದು ಕಡೆ. ಅದು ರಾಜ ದಯಪಾಲಿಸಿದ ಪತ್ರ, ಜನಪ್ರತಿನಿಧಿಗಳು ಬರೆದ 1822ರ ಸಂವಿಧಾನವೇ ಬೇಕು ಎನ್ನುವವರು ಇನ್ನೊಂದು ಕಡೆ. ಜಗಳ ಬರೀ ಹೆಸರಿನದಲ್ಲ. ಪೆದ್ರೊನ ಸಂವಿಧಾನದಲ್ಲಿ ಸಭೆ ವಿಸರ್ಜಿಸುವ, ಮಂತ್ರಿಗಳನ್ನು ತೆಗೆಯುವ, ಮೇಲ್ಮನೆಗೆ ಕುಲೀನರನ್ನು ನೇಮಿಸುವ ವಿಶೇಷಾಧಿಕಾರ ಅರಸೊತ್ತಿಗೆಗೆ ಇತ್ತು. 1822ರದ್ದರಲ್ಲಿ ಒಂದೇ ಸಭೆ, ಅರಸರಿಗೆ ಕಡಿಮೆ ಅಧಿಕಾರ. 1836ರ ಸೆಪ್ಟೆಂಬರ್‌ನಲ್ಲಿ ಎರಡನೆಯ ಬಣ ಲಿಸ್ಬನ್ನಿನ ಬೀದಿಗಿಳಿದು, ರಾಷ್ಟ್ರೀಯ ರಕ್ಷಕ ದಳದ ಬೆಂಬಲದಿಂದ ರಾಣಿಯನ್ನು ಮಣಿಸಿತು. ನವೆಂಬರ್‌ನಲ್ಲಿ ಹದಿನೇಳರ ರಾಣಿ ಬೆಲೇಂ ಅರಮನೆಗೆ ಹೋಗಿ ಕುಳಿತು ಆ ಬಣದ ಮಂತ್ರಿಮಂಡಲವನ್ನು ವಜಾ ಮಾಡಿದಳು. ರಾಜಧಾನಿ ಕೆರಳಿತು. ಕೆಲವೇ ದಿನಗಳಲ್ಲಿ ಆಕೆ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ಆದರೂ ಈ ಸೋಲಿನಿಂದ ದೇಶಕ್ಕೆ ಒಳ್ಳೆಯದೇ ಆಯಿತು. ಅದೇ ಸರ್ಕಾರ 1836ರಲ್ಲಿ ಜಿಲ್ಲೆಗಳಲ್ಲಿ ಪ್ರೌಢಶಾಲೆಗಳನ್ನು ತೆರೆಯುವ ಕಾನೂನು ತಂದಿತು, ಲಲಿತಕಲಾ ಅಕಾಡೆಮಿ ಕಟ್ಟಿತು, ಮರುವರ್ಷ ಲಿಸ್ಬನ್ನಿನಲ್ಲಿ ಪಾಲಿಟೆಕ್ನಿಕ್ ಶಾಲೆ ಆರಂಭಿಸಿತು. 1836ರ ಡಿಸೆಂಬರ್ 10ರ ಆಜ್ಞೆಯಿಂದ ಪೋರ್ಚುಗೀಸ್ ವಸಾಹತುಗಳಿಂದ ಗುಲಾಮರನ್ನು ಹಡಗಿನಲ್ಲಿ ಸಾಗಿಸುವುದನ್ನು ನಿಷೇಧಿಸಿತು. ಆ ನಿಷೇಧವನ್ನು ಆಫ್ರಿಕಾದ ಕರಾವಳಿಯಲ್ಲಿ ಜಾರಿಗೊಳಿಸಲು ಇನ್ನೂ ಬಹಳ ವರ್ಷ ಹಿಡಿಯಿತು. ಎರಡೂ ಬಣಗಳು ಒಪ್ಪುವಂಥ ಹೊಸ ಸಂವಿಧಾನವೊಂದು ಸಿದ್ಧವಾದಾಗ ಮರಿಯಾ ತನ್ನ ಹತ್ತೊಂಬತ್ತನೇ ಹುಟ್ಟುಹಬ್ಬದ ದಿನ, 1838ರ ಏಪ್ರಿಲ್ 4ರಂದು, ಅದಕ್ಕೆ ಆಣೆ ಮಾಡಿದಳು. ಅದು ಬಾಳಿದ್ದು ನಾಲ್ಕೇ ವರ್ಷ. 1842ರಲ್ಲಿ ಕೋಸ್ತ ಕಬ್ರಾಲ್ ಎಂಬ ಮಂತ್ರಿ ಪೋರ್ತುವಿನಿಂದ ದಂಗೆ ಹೂಡಿ ಪೆದ್ರೊನ ಸಂವಿಧಾನವನ್ನೇ ಮರಳಿ ತಂದ. ರಾಣಿ ಅವನನ್ನು ಬಲವಾಗಿ ನೆಚ್ಚಿಕೊಂಡಳು.

ಎರಡನೆಯ ಪರೀಕ್ಷೆ ಬಂದದ್ದು 1846ರಲ್ಲಿ, ಅದೂ ಹಳ್ಳಿಯ ಹೆಂಗಸರಿಂದ. ಚರ್ಚಿನೊಳಗೆ ಹೆಣ ಹೂಳಬಾರದು, ಊರ ಹೊರಗಿನ ಸ್ಮಶಾನಕ್ಕೆ ಒಯ್ಯಬೇಕು, ಸಾವಿಗೆ ಸರ್ಕಾರಿ ವೈದ್ಯಾಧಿಕಾರಿಯ ಪ್ರಮಾಣಪತ್ರ ಬೇಕು ಎಂದು ಕಬ್ರಾಲ್ ಸರ್ಕಾರ ಕಾನೂನು ಮಾಡಿತ್ತು. ಆರೋಗ್ಯದ ದೃಷ್ಟಿಯಿಂದ ಅದು ಸರಿಯೇ. ಆದರೆ ಉತ್ತರದ ಮಿನ್ಯು ಪ್ರಾಂತದ ರೈತಾಪಿ ಜನಕ್ಕೆ ಹಿರಿಯರನ್ನು ದೇವರ ಮನೆಯಿಂದ ಹೊರಗೆ ಹಾಕಿದಂತಾಯಿತು. ಮೇಲೆ ಹೊಸ ತೆರಿಗೆಯ ಭಯ ಬೇರೆ. ಪೋವುವಾ ದೆ ಲನ್ಯೊಸು ಎಂಬ ಊರಿನ ಸುತ್ತ ಹೆಂಗಸರು ಗುದ್ದಲಿ, ಕುಡುಗೋಲು ಹಿಡಿದು ಬಂದು, ಅಧಿಕಾರಿಗಳನ್ನು ತಳ್ಳಿ, ಸತ್ತವಳೊಬ್ಬಳನ್ನು ಚರ್ಚಿನೊಳಗೇ ಹೂತರು. ಅವರ ದಂಗೆಗೆ ‘ಮರಿಯಾ ದ ಫೋಂತೆ’ ಎಂಬ ಹಳ್ಳಿ ಹೆಣ್ಣಿನ ಹೆಸರು ಅಂಟಿತು. ಒಂದು ಕಡೆ ಅರಮನೆಯ ಮರಿಯಾ, ಇನ್ನೊಂದು ಕಡೆ ಹೊಲದ ಮರಿಯಾ. ದಂಗೆ ಹಬ್ಬಿತು. ಮೇ ತಿಂಗಳಲ್ಲಿ ಕಬ್ರಾಲ್ ಅಧಿಕಾರ ಬಿಟ್ಟು ಹೋಗಬೇಕಾಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ಅಕ್ಟೋಬರ್‌ನಲ್ಲಿ ರಾಣಿ ಹೊಸ ಮಂತ್ರಿಮಂಡಲವನ್ನು ಅರಮನೆಗೆ ಕರೆಸಿ ಇಳಿಸಿದಳು. ತನಗೆ ಬೇಕಾದ ಸಾಲ್ದಾನ್ಯ ಎಂಬ ಸೇನಾನಿಗೆ ಅಧಿಕಾರ ಕೊಟ್ಟಳು. ಪೋರ್ತು ಮತ್ತೆ ಎದ್ದು ನಿಂತಿತು. ಈ ಸಲ ರಾಣಿಯ ವಿರುದ್ಧ! ಆಕೆಗಾಗಿ ಮುತ್ತಿಗೆಯಲ್ಲಿ ಸತ್ತ ಊರು, ಆಕೆಗಾಗಿ ಹೋರಾಡಿದ್ದ ಸೇನಾನಿಗಳು ಈಗ ಎದುರಾಳಿಗಳು. ಎಂಟು ತಿಂಗಳು ಅಂತರ್ಯುದ್ಧ ನಡೆಯಿತು. ಕೊನೆಗೆ ಆಕೆ ಬ್ರಿಟನ್ ಮತ್ತು ಸ್ಪೇನ್ ಸೈನ್ಯಗಳ ನೆರವು ಬೇಡಿದಳು. 1847ರ ಜೂನ್ 29ರಂದು ಗ್ರಮೀದು ಎಂಬಲ್ಲಿ ಸಂಧಿಯಾಯಿತು. ಸ್ವಂತ ಪ್ರಜೆಗಳ ಮೇಲೆ ಹೊರಗಿನ ಸೈನ್ಯ ಕರೆಸಿದ್ದು ಆಕೆಯ ಆಳ್ವಿಕೆಯ ಅತಿ ದೊಡ್ಡ ಕಳಂಕ. ಇದನ್ನು ಮುಚ್ಚಿಟ್ಟು ಆಕೆಯನ್ನು ಹೊಗಳುವುದು ಸರಿಯಾಗದು.

ಹನ್ನೊಂದು ಹೆರಿಗೆ

ಈ ರಾಜಕೀಯ ಘಟನೆಗಳ ದಿನಾಂಕಗಳ ಪಕ್ಕದಲ್ಲೇ ಆಕೆಯ ಮಕ್ಕಳು ಹುಟ್ಟಿದ ದಿನಾಂಕಗಳನ್ನು ಇಟ್ಟು ನೋಡಬೇಕು. 1842ರ ಫೆಬ್ರವರಿಯಲ್ಲಿ ತಂದೆಯ ಸಂವಿಧಾನ ಮರಳಿ ಜಾರಿಯಾದಾಗ ಆಕೆ ತುಂಬು ಗರ್ಭಿಣಿ, ಮಗ ಹುಟ್ಟಿದ್ದು ಮಾರ್ಚ್ 16ರಂದು. 1846ರ ಮೇ ತಿಂಗಳಲ್ಲಿ ಕಬ್ರಾಲ್ ಬಿದ್ದಾಗ ಮತ್ತೆ ಗರ್ಭಿಣಿ, ಜುಲೈ 23ಕ್ಕೆ ಹೆರಿಗೆ. 1847ರ ಜೂನ್‌ನಲ್ಲಿ ಗ್ರಮೀದು ಸಂಧಿಯ ಹೊತ್ತಿಗೆ ಮತ್ತೊಂದು ಬಸಿರು, ನವೆಂಬರ್ 4ಕ್ಕೆ ಹೆರಿಗೆ. ಹದಿನಾರು ವರ್ಷಗಳಲ್ಲಿ ಹನ್ನೊಂದು ಹೆರಿಗೆ. ನಾಲ್ಕು ಕೂಸುಗಳು ಉಳಿಯಲಿಲ್ಲ. ಅದೇ ಅವಧಿಯಲ್ಲಿ ಸರ್ಕಾರಗಳು ಬಂದವು, ಹೋದವು. ಪುರುಷ ದೊರೆಗಳ ಚರಿತ್ರೆ ಬರೆಯುವಾಗ ಈ ಲೆಕ್ಕ ಬರುವುದೇ ಇಲ್ಲ. ಮರಿಯಾಳ ಚರಿತ್ರೆಯಲ್ಲಿ ಇದನ್ನು ಬಿಟ್ಟರೆ ಅರ್ಧ ಸತ್ಯ ಬಿಟ್ಟಂತೆ.

ಮಕ್ಕಳ ಓದನ್ನು ಸ್ವತಃ ಮುತುವರ್ಜಿಯಿಂದ ನೋಡಿಕೊಂಡಳೆಂದು ಪೋರ್ಚುಗೀಸರು ಆಕೆಯನ್ನು ಇಂದಿಗೂ ‘ಶಿಕ್ಷಕಿ’ ಎಂಬ ಬಿರುದಿನಿಂದ ಕರೆಯುತ್ತಾರೆ. ಹಿರಿಯ ಮಗ ಪೆದ್ರೊ ಆ ಕಾಲದ ಯುರೋಪಿನ ಒಳ್ಳೆಯ ಓದುಗ ದೊರೆಗಳಲ್ಲಿ ಒಬ್ಬನಾದ. ಮೈ ಭಾರವಾಗುತ್ತ ಪ್ರತಿ ಹೆರಿಗೆಯೂ ಹಿಂದಿನದಕ್ಕಿಂತ ಕಠಿಣವಾಯಿತು. ಇನ್ನು ಬಸಿರಾದರೆ ಅಪಾಯ ಎಂದು ವೈದ್ಯರು ಎಚ್ಚರಿಸಿದ್ದರು. ಸತ್ತರೆ ನನ್ನ ಕರ್ತವ್ಯದಲ್ಲೇ ಸಾಯುತ್ತೇನೆ ಎಂಬ ಅರ್ಥದ ಉತ್ತರ ಕೊಟ್ಟಳೆಂದು ಪೋರ್ಚುಗಲ್ಲಿನಲ್ಲಿ ಹೇಳುತ್ತಾರೆ. 1853ರ ನವೆಂಬರ್ 15ರಂದು ನೆಸೆಸಿದಾದೆಸ್ ಅರಮನೆಯಲ್ಲಿ ಹನ್ನೊಂದನೆಯ ಹೆರಿಗೆಯಲ್ಲಿ ಕೂಸೂ ಉಳಿಯಲಿಲ್ಲ, ತಾಯಿಯೂ ಉಳಿಯಲಿಲ್ಲ. ಆಕೆಗೆ ಮೂವತ್ತನಾಲ್ಕು ವರ್ಷ. ಲಿಸ್ಬನ್ನಿನ ಸಾವ್ ವಿಸೆಂತೆ ದೆ ಫೊರಾ ಮಠದ ರಾಜಸಮಾಧಿಯಲ್ಲಿ ಆಕೆಯನ್ನು ಇರಿಸಿದ್ದಾರೆ.

ಆಕೆಯ ಕೊನೆಯ ಎರಡು ವರ್ಷ ದೇಶಕ್ಕೆ ನೆಮ್ಮದಿ ತಂದಿದ್ದವು. 1851ರಲ್ಲಿ ಸಾಲ್ದಾನ್ಯ ಮತ್ತೆ ದಂಗೆಯೆದ್ದಾಗ ಈ ಸಲ ರಾಣಿ ಹಟ ಹಿಡಿಯಲಿಲ್ಲ. ಅವನಿಗೇ ಅಧಿಕಾರ ಕೊಟ್ಟಳು. 1852ರಲ್ಲಿ ತಂದೆಯ ಸಂವಿಧಾನಕ್ಕೆ ತಿದ್ದುಪಡಿ ಒಪ್ಪಿಕೊಂಡಳು. ಪ್ರತಿನಿಧಿಗಳ ನೇರ ಚುನಾವಣೆ ಬಂತು, ರಾಜಕೀಯ ಅಪರಾಧಗಳಿಗೆ ಮರಣದಂಡನೆ ರದ್ದಾಯಿತು. ತಿದ್ದಲು ಬಿಟ್ಟದ್ದರಿಂದಲೇ ಆ ಸಂವಿಧಾನ ಉಳಿಯಿತು. 1910ರಲ್ಲಿ ಅರಸೊತ್ತಿಗೆ ಕೊನೆಗೊಳ್ಳುವವರೆಗೂ ಪೋರ್ಚುಗಲ್ ಅದರಡಿಯಲ್ಲೇ ನಡೆಯಿತು.

ಅದೇ 1852ರಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂತು. 1853ರ ಜುಲೈ 1ರಂದು ಪೋರ್ಚುಗಲ್ಲಿನ ಮೊದಲ ಅಂಚೆಚೀಟಿ ಹೊರಬಿತ್ತು. ಸಂಗ್ರಹಕಾರರ ಬಳಿ ಅದನ್ನು ಕಂಡರೆ ಬೆರಳಾಡಿಸಿ ನೋಡುವ ಆಸೆಯಾಗುತ್ತದೆ. ಬಣ್ಣದ ಹಿನ್ನೆಲೆಯ ಮೇಲೆ ರಾಣಿಯ ಪಕ್ಕಮುಖ ಬಿಳಿಯಾಗಿ ಉಬ್ಬಿ ನಿಂತಿದೆ. ಐದು ರೈಸ್ ಬೆಲೆಯದು ಕಂದುಗೆಂಪು, ಇಪ್ಪತ್ತೈದರದು ನೀಲಿ. ಅಂಚಿಗೆ ತೂತುಗಳಿಲ್ಲ, ಹಾಳೆಯಿಂದ ಕತ್ತರಿಯಲ್ಲೇ ಕತ್ತರಿಸಬೇಕಿತ್ತು. ಲಿಸ್ಬನ್ನಿನ ರೊಸಿಯು ಚೌಕದಲ್ಲಿ 1846ರಲ್ಲಿ ತೆರೆದ ರಾಷ್ಟ್ರೀಯ ರಂಗಮಂದಿರಕ್ಕೂ ಆಕೆಯದೇ ಹೆಸರು. ಹಿಂದೆ ಇನ್‌ಕ್ವಿಸಿಷನ್ ನ್ಯಾಯಮಂಡಳಿ ನಡೆಯುತ್ತಿದ್ದ ಅರಮನೆಯ ಜಾಗದಲ್ಲಿ ನಾಟಕಶಾಲೆ ಎದ್ದಿತು.

ಗೋವೆಯಲ್ಲಿ ಆದದ್ದು

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಆಕೆ ಗೋವೆಯನ್ನು ನೋಡಲಿಲ್ಲ, ಆದರೆ ಗೋವೆ ಆಕೆಯ ಕಾಲದಲ್ಲಿ ಬಹಳ ಬದಲಾಯಿತು. 1834ರಲ್ಲಿ ಆಕೆಯ ಹೆಸರಿನಲ್ಲಿ ಬೆರ್ನಾರ್ದು ಪೆರೆಸ್ ದ ಸಿಲ್ವ ಎಂಬ ಗೋವೆಯವರನ್ನೇ ಅಲ್ಲಿನ ಆಡಳಿತದ ಮುಖ್ಯಸ್ಥರನ್ನಾಗಿ ನೇಮಿಸಲಾಯಿತು. ಮೂರು ಶತಮಾನಗಳ ಪೋರ್ಚುಗೀಸ್ ಆಳ್ವಿಕೆಯಲ್ಲಿ ಮಣ್ಣಿನ ಮಗನಿಗೆ ಆ ಹುದ್ದೆ ಸಿಕ್ಕಿದ್ದು ಅದೇ ಮೊದಲು. 1835ರ ಜನವರಿ ನಡುವೆ ಅಧಿಕಾರ ವಹಿಸಿಕೊಂಡ ಅವರನ್ನು ಮೂರು ವಾರ ಕಳೆಯುವ ಮೊದಲೇ ಬಿಳಿಯ ಸೇನಾಧಿಕಾರಿಗಳ ಗುಂಪು ದಂಗೆಯೆದ್ದು ಓಡಿಸಿತು. ಅವರು ಬೊಂಬಾಯಿಗೆ ಹೋಗಬೇಕಾಯಿತು. ಲಿಸ್ಬನ್ನಿನಲ್ಲಿ ಗೆದ್ದ ಸಮಾನತೆಯ ಮಾತು ಪಣಜಿಯ ದಂಡಿನ ಮುಂದೆ ಸೋತಿತು.

1834ರಲ್ಲಿ ಪೋರ್ಚುಗಲ್ ಎಲ್ಲ ಸಂನ್ಯಾಸಿ ಮಠಗಳನ್ನು ಮುಚ್ಚಿ ಆಸ್ತಿಯನ್ನು ವಶಪಡಿಸಿಕೊಂಡಿತು. ಮರುವರ್ಷ ಆ ಆಜ್ಞೆ ಗೋವೆಗೂ ಬಂತು. ಹಳೆ ಗೋವೆಯಲ್ಲಿ ಒಂಟಿಯಾಗಿ ನಿಂತ ಸಂತ ಅಗಸ್ಟಿನ್ ಗೋಪುರವನ್ನು ನೀವು ಖಂಡಿತ ನೋಡಿರುತ್ತೀರಿ. ಪಾದ್ರಿಗಳು ಬಿಟ್ಟುಹೋದ ಮೇಲೆ ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಆ ಚರ್ಚಿನ ಚಾವಣಿ ಕುಸಿಯಿತು. ಮಠಗಳ ವಿಷಯದಲ್ಲಿ ಪೋಪರಿಗೂ ಲಿಸ್ಬನ್ನಿಗೂ ಹುಟ್ಟಿದ ಜಗಳದ ಬಿಸಿ ನಮ್ಮ ಕರಾವಳಿಗೂ ತಟ್ಟಿತು. ಕೆನರಾದ ಕಥೋಲಿಕರಲ್ಲಿ ಗೋವೆಯ ಆರ್ಚ್‌ಬಿಷಪ್ ಅಧೀನದಲ್ಲೇ ಇರುವವರು, ರೋಮ್ ನೇಮಿಸಿದ ಧರ್ಮಾಧಿಕಾರಿಯನ್ನು ಒಪ್ಪುವವರು ಎಂದು ಎರಡು ಪಾಲಾಯಿತು. 1845ರಲ್ಲಿ ಮಂಗಳೂರಿಗೆ ಪ್ರತ್ಯೇಕ ಧರ್ಮಾಧಿಕಾರ ಬಂದದ್ದು ಈ ಹಿನ್ನೆಲೆಯಲ್ಲೇ.

ಒಳ್ಳೆಯದೂ ಆಯಿತು. 1842ರಲ್ಲಿ ಗೋವೆಯ ವೈದ್ಯಕೀಯ ಶಾಲೆ ಆರಂಭವಾಯಿತು. ಇಂದಿನ ಗೋವಾ ವೈದ್ಯಕೀಯ ಕಾಲೇಜಿನ ಬೇರು ಅದು. ಅದನ್ನು ತೆರೆದ ಗವರ್ನರ್ ಕೌಂಟ್ ಅಂತಸ್ ಹಿಂದೆ ಮಿಗೆಲ್ ವಿರುದ್ಧ ಮರಿಯಾಳಿಗಾಗಿ ಹೋರಾಡಿದವನು. 1846ರಲ್ಲಿ ಅದೇ ಪೋರ್ತುವಿನಲ್ಲಿ ಆಕೆಯ ವಿರುದ್ಧ ಎದ್ದ ಬಂಡಾಯ ಸರ್ಕಾರದ ಅಧ್ಯಕ್ಷನೂ ಅವನೇ. 1843ರ ಮಾರ್ಚ್ 22ರ ರಾಜಾಜ್ಞೆ ಪಣಜಿಗೆ ‘ನೋವಾ ಗೋವಾ’ ಎಂದು ಹೆಸರಿಟ್ಟು ಅದನ್ನು ನಗರವೆಂದೂ ರಾಜಧಾನಿಯೆಂದೂ ಸಾರಿತು. ನೀವು ನೋಡಿದ ಬೆಳ್ಳಿ ರೂಪಾಯಿ ಆ ದಶಕದ ಆಸುಪಾಸಿನದು.

ಒಟ್ಟಿನಲ್ಲಿ ಮರಿಯಾ ಹೇಗೆ ಆಳಿದಳು? ಆಡುವ ವಯಸ್ಸಿನಲ್ಲಿ ಹೊರಿಸಿದ ಹೊರೆಯನ್ನು ಆಕೆ ಕೊನೆಯ ತನಕ ಇಳಿಸಲಿಲ್ಲ. ತಂದೆಯ ಸಂವಿಧಾನವನ್ನು ತನ್ನ ಮನೆಯ ಆಸ್ತಿ ಎಂದು ಭಾವಿಸಿದಾಗಲೆಲ್ಲ ಎಡವಿದಳು, 1836ರಲ್ಲಿ ಸೋತಳು, 1846ರಲ್ಲಿ ದೇಶವನ್ನೇ ಯುದ್ಧಕ್ಕೆ ನೂಕಿದಳು. ಅದು ಪ್ರಜೆಗಳದ್ದೂ ಹೌದು, ಅವರು ತಿದ್ದಬಹುದು ಎಂದು 1852ರಲ್ಲಿ ಒಪ್ಪಿಕೊಂಡಾಗ ಆಕೆಯ ಆಳ್ವಿಕೆ ಗಟ್ಟಿಯಾಯಿತು. ಅದರ ಫಲ ಆಕೆ ಸತ್ತ ದಿನವೇ ಕಂಡಿತು. ಆಕೆಯ ಅಜ್ಜ ಸತ್ತಾಗ ಉತ್ತರಾಧಿಕಾರದ ಜಗಳ ದೇಶವನ್ನು ಎಂಟು ವರ್ಷ ಸುಟ್ಟಿತ್ತು. ಆಕೆ ಸತ್ತಾಗ ಹದಿನಾರರ ಮಗನಿಗೆ ಸಿಂಹಾಸನ ನೇರವಾಗಿ ಹೋಯಿತು. ಅವನು ಪ್ರಾಪ್ತ ವಯಸ್ಕನಾಗುವ ತನಕ ತಂದೆ ಫರ್ಡಿನಾಂಡ್ ರಾಜ್ಯಭಾರ ನೋಡಿಕೊಂಡ, 1855ರಲ್ಲಿ ಮಗನಿಗೆ ಒಪ್ಪಿಸಿ ಹಿಂದೆ ಸರಿದ. ಅಧಿಕಾರ ಕೈಯಲ್ಲಿದ್ದವನು ಎಳೆಯ ದೊರೆಗೆ ಕೊಟ್ಟ ಮಾತಿನಂತೆ ನಡೆದುಕೊಂಡ. ಮರಿಯಾಳಿಗೆ ಬಾಲ್ಯದಲ್ಲಿ ಸಿಗದ ಆ ನ್ಯಾಯ ಆಕೆಯ ಮಗನಿಗೆ ಸಿಕ್ಕಿತು. ಅಂಥ ದೇಶವೊಂದು ರೂಪುಗೊಂಡದ್ದರಲ್ಲಿ ಆಕೆಯ ಪಾಲು ದೊಡ್ಡದು.